ಕೊನೆಯ ಎರಡು ಪಟ್ಟಿ

ಅಗ್ನಿಶಾಮಕ ಠಾಣೆಯ ಮುಳುಗುಗಾರನನ್ನು ಜೊತೆಯವರು ಆಮೆ ಎಂದು ಕರೆಯುತ್ತಿದ್ದರು. ನೀರಿನ ತಳದಲ್ಲಿ ಅವನು ಅವಸರಪಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಹದಿನಾಲ್ಕು ವರ್ಷಗಳಲ್ಲಿ ಅರವತ್ತೊಂದು ಮಂದಿಯನ್ನು ಮೇಲಕ್ಕೆ ತಂದಿದ್ದ. ಅವರಲ್ಲಿ ಒಬ್ಬರಿಗೂ ಉಸಿರಿರಲಿಲ್ಲ. ಉಸಿರಿರುವವರನ್ನು ಎಳೆದು ತರುವುದು ದೋಣಿಯವರ ಪಾಲಿನ ಕೆಲಸ. ಎಲ್ಲ ಮುಗಿದ ಮೇಲೆ ಇಳಿಸುವುದು ಆಮೆಯನ್ನು. ಅದರಲ್ಲೂ ಒಂದು ಪುಣ್ಯವಿದೆ ಎಂದು ಅವನು ನಂಬಿಕೊಂಡಿದ್ದ. ಅಳುವ ಮನೆಯವರಿಗೆ ಅಳುವುದಕ್ಕೊಂದು ಮುಖ ಬೇಕಲ್ಲ, ಅದನ್ನು ಹುಡುಕಿ ಕೊಡುವುದೂ ದೇವರ ಚಾಕರಿಯೇ.

ಅರವತ್ತೆರಡನೆಯದು ಸಿಗಲಿಲ್ಲ.

ನಗರಕ್ಕೆ ಕುಡಿಯುವ ನೀರು ಕೊಡುವ ಜಲಾಶಯದಲ್ಲಿ ಒಂದು ಭಾನುವಾರ ವಿಹಾರದ ದೋಣಿ ಮಗುಚಿತು. ಹನ್ನೊಂದು ಜನರಲ್ಲಿ ಎಂಟು ಮಂದಿ ಬದುಕಿದರು, ಇಬ್ಬರು ಅದೇ ದಿನ ಹೆಣವಾಗಿ ಸಿಕ್ಕರು. ಉಳಿದವಳು ಕನ್ನಡಕದ ಅಂಗಡಿಯ ಯಜಮಾನರ ಮಗಳು, ಇಪ್ಪತ್ತಾರು ವರ್ಷದವಳು. ಅವಳಿಗಾಗಿ ಎಂಟು ದಿನ ಹುಡುಕಿದರು. ಆ ನೀರಿನ ತಳವೆಲ್ಲ ಕೆಸರು. ಅಲ್ಲಿ ಕಣ್ಣಿಗೆ ಕೆಲಸವಿಲ್ಲ, ಕೈಯೇ ಕಣ್ಣು. ತಳದಲ್ಲಿ ಹಗ್ಗ ಬಿಗಿದು, ಎಡಗೈಯಲ್ಲಿ ಅದನ್ನು ಹಿಡಿದು, ಬಲಗೈಯಿಂದ ಕೆಸರು ತಡಕುತ್ತ ಈ ತುದಿಯಿಂದ ಆ ತುದಿಗೆ ಹೋಗಬೇಕು. ಹಗ್ಗವನ್ನು ಎರಡು ಮೀಟರ್ ಸರಿಸಿ ವಾಪಸ್ ಬರಬೇಕು. ಹೀಗೆ ಒಂದು ಸಲ ಹೋದದ್ದಕ್ಕೆ ಒಂದು ಪಟ್ಟಿ ಎನ್ನುತ್ತಾರೆ. ಹೊಲ ಉತ್ತ ಹಾಗೆ, ಒಂದರ ಪಕ್ಕಕ್ಕೆ ಒಂದು.

ಎಂಟನೆಯ ದಿನ ತೂಬಿನ ಬಾಗಿಲ ಹತ್ತಿರ ಎರಡು ಪಟ್ಟಿ ಉಳಿದಿದ್ದವು. ಬಾಗಿಲು ಮುಚ್ಚಿದ್ದರೂ ಅದರ ಸಂದಿಯಿಂದ ಅಲ್ಲಿ ನೀರು ಒಂದೇ ಸಮ ಎಳೆಯುತ್ತಿತ್ತು. ಆಮೆಯ ಕೈಕಾಲು ಸೋತಿದ್ದವು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನಿಗೆ ತಳದಲ್ಲಿ ಭಯವಾಯಿತು, ಅವನು ಮೇಲೆ ಬಂದುಬಿಟ್ಟ. ದಡದಲ್ಲಿ ನೀರು ಸರಬರಾಜಿನವರು ಹುಡುಕಾಟಕ್ಕೆಂದು ಮುಚ್ಚಿದ್ದ ತೂಬಿನ ಗೇಟು ತೆರೆಯಲು ಗಡಿಬಿಡಿ ಮಾಡುತ್ತಿದ್ದರು. ಠಾಣಾಧಿಕಾರಿ ಕೇಳಿದರು:

"ಪೂರ್ತಿ ಆಯ್ತಾ?"

"ಆಯ್ತು ಸಾರ್."

ಆ ಮಾತನ್ನೇ ಬರೆದು ಕೆಳಗೆ ರುಜು ಹಾಕಿದ. ಗೇಟು ತೆರೆದರು.

ಅಂದಿನಿಂದ ಅವನ ನಿದ್ದೆ ಹೋಯಿತು. ಊಟದ ತಟ್ಟೆಯ ಮುಂದೆ ಕೂತಾಗಲೂ ಬಲಗೈ ಏನನ್ನೋ ತಡಕುವ ಹಾಗೆ ಮೇಜಿನ ಮೇಲೆ ಹರಿದಾಡುತ್ತಿತ್ತು. ನಾಲ್ಕು ತಿಂಗಳು ಕಳೆದ ಮೇಲೆ ಠಾಣೆಯ ವೈದ್ಯರ ಹತ್ತಿರ ಹೋದ; ಅವರಿಗೆ ಅವನು ನಿಜ ಹೇಳಲಿಲ್ಲ, ನಿದ್ದೆ ಇಲ್ಲ ಎಂದಷ್ಟೇ ಹೇಳಿದ. ಅವರು, "ಕೊನೆ ಅಂತ ಒಂದು ಇರೋ ಕೆಲಸ ಹಿಡ್ಕೋ. ಗೆರೆ ದಾಟಿದ್ರೆ ಮುಗೀತು ಅನ್ನೋ ಅಂಥದ್ದು," ಎಂದರು. ಅವನು ಹಿಡಿದದ್ದು ದೂರದ ಟ್ರಯಥ್ಲಾನ್. ಮೂರು ಸಾವಿರದ ಎಂಟುನೂರು ಮೀಟರ್ ಈಜು, ಮೈ ಒರೆಸಿಕೊಳ್ಳುವಷ್ಟರಲ್ಲಿ ನೂರೆಂಬತ್ತು ಕಿಲೋಮೀಟರ್ ಸೈಕಲ್, ಇಳಿದ ಕಾಲಲ್ಲೇ ನಲವತ್ತೆರಡು ಕಿಲೋಮೀಟರ್ ಓಟ. ಈಜನ್ನು ಎರಡು ಗಂಟೆ ಇಪ್ಪತ್ತು ನಿಮಿಷದೊಳಗೆ ಮುಗಿಸದಿದ್ದರೆ ಸೈಕಲ್ ಮುಟ್ಟಲೂ ಬಿಡುವುದಿಲ್ಲ.

"ಅಷ್ಟು ದೂರ ಹೋಗೋಕೆ ಅಂತಾನೇ ಜನ ಬಸ್ಸು ಕಂಡುಹಿಡಿದಿರೋದು ಕಣೋ," ಎಂದ ಭಾವ.

ಭಾವನೆಂದರೆ ಅಕ್ಕನ ಗಂಡ, ಬೇಕರಿಯಲ್ಲಿ ಬ್ರೆಡ್ಡು ಸುಡುವವನು. ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿ ಅಕ್ಕ, ಭಾವ, ಆಮೆ ಮೂವರ ವಾಸ. ತಮಾಷೆ ಮಾಡಿದವನೇ ಕಡೆಗೆ ಕೈಗಡಿಯಾರ ಹಿಡಿದು ಆಮೆ ಈಜು ಕಲಿಸಿಕೊಳ್ಳುತ್ತಿದ್ದ ಅದೇ ಜಲಾಶಯದ ದಡಕ್ಕೆ ಬರತೊಡಗಿದ. ಅವನ ಒಲೆಯ ಕೆಲಸ ಮುಗಿಯುವುದೂ ಆಮೆ ನೀರಿಗಿಳಿಯುವುದೂ ಒಂದೇ ಹೊತ್ತಿಗೆ. ಹಿಟ್ಟು ಮೆತ್ತಿದ ತೋಳಲ್ಲೇ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದ.

ಇಂಥ ಪಂದ್ಯಕ್ಕೆ ತಯಾರಾದವರನ್ನು ಕೇಳಿ ನೋಡಿ, ಮೈಯದೇನೂ ದೊಡ್ಡ ಕಷ್ಟವಲ್ಲ ಎನ್ನುತ್ತಾರೆ. ಮೈ ಕೂಲಿಯಾಳಿನ ಹಾಗೆ, ಗೊಣಗಿಕೊಂಡಾದರೂ ಮಾಡುತ್ತದೆ. ಮನಸ್ಸು ಮಾತ್ರ ವಕೀಲನ ಹಾಗೆ ದಿನಕ್ಕೊಂದು ಹೊಸ ತಕರಾರು ತರುತ್ತದೆ. ಕೋಣೆಯಲ್ಲಿ ಸ್ಟ್ಯಾಂಡಿಗೆ ಬಿಗಿದ ಸೈಕಲ್ಲನ್ನು ಗೋಡೆಗೆ ಮುಖ ಮಾಡಿ ಐದು ಗಂಟೆ ತುಳಿಯುವಾಗ, ಕೆಳಗಿನಿಂದ ಬ್ರೆಡ್ಡಿನ ಪರಿಮಳ ಏರಿ ಬರುವಾಗ, ಯಾರಿಗಾಗಿ ಇದೆಲ್ಲ ಎಂದು ಅದು ಕೇಳುತ್ತದೆ. ತರಬೇತಿ ಕೊಡುವವನು ಒಂದು ಹಾಳೆ ಬರೆದು ಕೊಟ್ಟಿದ್ದ: ಪೂರ್ತಿ ದೂರ ಎಣಿಸಬೇಡ, ಮುಂದಿನ ಗುರುತು ಮಾತ್ರ ನೋಡು, ಒಂದು ಮಾತು ಹಿಡಿದುಕೊಂಡು ಅದನ್ನೇ ಹೇಳುತ್ತಿರು. ಆಮೆ ದೇವರ ಹೆಸರು ಹಿಡಿದುಕೊಂಡ. ಕೈ ಬೀಸಿದ್ದಕ್ಕೊಮ್ಮೆ ಹೆಸರು. ನೂರು ಬೀಸುವವರೆಗೆ ಹೆಸರು ನಿಲ್ಲುತ್ತಿತ್ತು. ಆಮೇಲೆ ಅದು ಎಲ್ಲೋ ಜಾರಿ ಹೋಗಿ, ಅದರ ಜಾಗದಲ್ಲಿ "ಪೂರ್ತಿ ಆಯ್ತಾ, ಪೂರ್ತಿ ಆಯ್ತಾ" ಎಂಬುದು ಬಂದು ಕೂರುತ್ತಿತ್ತು. ಎರಡನೆಯ ತಿಂಗಳಲ್ಲಿ ಅವನು ನಾಲ್ಕು ದಿನ ಹಾಸಿಗೆಯಿಂದ ಏಳಲೇ ಇಲ್ಲ. ಐದನೆಯ ದಿನ ಅಕ್ಕ ಹೊದಿಕೆ ಎಳೆದು, "ಈಜದಿದ್ರೆ ಬೇಡ, ಸ್ನಾನಕ್ಕಾದ್ರೂ ನೀರು ಮುಟ್ಟು," ಎಂದು ದಬ್ಬಿದಳು.

ಆವತ್ತೇ ಕನ್ನಡಕದ ಅಂಗಡಿಯ ಯಜಮಾನರು ದಡಕ್ಕೆ ಬಂದದ್ದು.

ಒಂದು ಸುತ್ತು ಮುಗಿಸಿ ಅವನು ಮೆಟ್ಟಿಲು ಹತ್ತುತ್ತಿದ್ದಾಗ ಬೂದು ಕೋಟಿನ ಮುದುಕರೊಬ್ಬರು ಫ್ಲಾಸ್ಕು ಹಿಡಿದು ನಿಂತಿದ್ದರು. ಆ ಎಂಟು ದಿನವೂ ದಡದಲ್ಲಿ ಅಲುಗಾಡದೆ ನಿಂತಿದ್ದ ಮುಖ; ಗುರುತು ಹತ್ತದೆ ಇರುವುದೆಂತು.

"ಬೆಳಿಗ್ಗೆ ಈ ಕಡೆ ವಾಕಿಂಗ್ ಬರೋರು ಹೇಳಿದ್ರು, ಆ ಠಾಣೆಯವನು ದಿನಾ ನೀರಿಗಿಳೀತಾನೆ ಅಂತ," ಎಂದರು. "ನಾನು ನಂಬಿರ್ಲಿಲ್ಲ. ಎಲ್ಲಾರೂ ಬಿಟ್ರು. ನೀವೊಬ್ರು ಬಿಡ್ಲಿಲ್ಲ. ತಗೊಳ್ಳಿ, ಬಿಸಿ ಇದೆ."

ಆಮೆಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಇವರು ತಿಳಿದಿರುವುದು ಹೀಗೆ: ಸರ್ಕಾರ ಕೈಬಿಟ್ಟ ಹುಡುಕಾಟವನ್ನು ಇವನು ಸ್ವಂತಕ್ಕೆ ನಡೆಸುತ್ತಿದ್ದಾನೆ. ಅಲ್ಲ ಎಂದು ಹೇಳಲು ಬಾಯಿ ತೆರೆದ. ಚಳಿಗೆ ದವಡೆ ಕಟಕಟಿಸುತ್ತಿತ್ತು, ಮಾತು ಹೊರಡಲಿಲ್ಲ. ಅಷ್ಟರಲ್ಲಿ ಬಿಸಿ ಲೋಟ ಕೈಗೆ ಬಂದಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡು ಕುಡಿದ.

ಮರುದಿನ ಬಾಯಿ ನೆಟ್ಟಗಿತ್ತು. ಆದರೂ ಹೇಳಲಿಲ್ಲ.

ಏಕೆಂದರೆ ಮರುದಿನ ಬೆಳಿಗ್ಗೆ ಅಲಾರಂ ಹೊಡೆದಾಗ ಅವನು ತಾನಾಗಿ ಎದ್ದಿದ್ದ. ಮನಸ್ಸಿನ ವಕೀಲ ಬಾಯಿ ತೆರೆಯುವ ಮೊದಲೇ, ಅಲ್ಲೊಬ್ಬರು ಕಾಯುತ್ತಿದ್ದಾರೆ ಎಂಬ ಒಂದೇ ಮಾತು ಅವನನ್ನು ಮೆಟ್ಟಿಲಿಳಿಸಿ ಹೊರಗೆ ತಂದಿತ್ತು. ಹೀಗೆ ಒಂದು ವಾರ, ಒಂದು ತಿಂಗಳು, ಐದು ತಿಂಗಳು. ಸೈಕಲ್ಲಿನ ಮೇಲೆ ತೊಡೆ ಉರಿಯುವಾಗ, ಓಟದ ಮೂವತ್ತನೆಯ ಕಿಲೋಮೀಟರಿನಲ್ಲಿ ವಾಂತಿ ಬಂದಾಗ, ಅವನು ನೆನೆಯುತ್ತಿದ್ದುದು ಈಗ ದೇವರನ್ನಲ್ಲ, ಆ ಬೂದು ಕೋಟನ್ನು. ಬೇರೆಯವರ ಸಂಕಟಕ್ಕೆ ಬಾಯಿ ಹಚ್ಚಿ ಶಕ್ತಿ ಹೀರುತ್ತಿದ್ದೇನೆ ಎಂದು ಅವನಿಗೆ ಗೊತ್ತಿತ್ತು. ಪ್ರಾರ್ಥನೆಗೆ ಕೂತರೆ ತಲೆ ಎತ್ತಲಾಗುತ್ತಿರಲಿಲ್ಲ. ಕೂರುವುದನ್ನೇ ಬಿಟ್ಟ.

ಮೈ ಗಟ್ಟಿಯಾಯಿತು, ಸೈಕಲ್ಲು ಓಟ ಎರಡೂ ಹದಕ್ಕೆ ಬಂದವು. ಈಜು ಮಾತ್ರ ಸುಧಾರಿಸಲಿಲ್ಲ. ಎರಡು ಗಂಟೆ ಮೂವತ್ತೊಂದು, ಮೂವತ್ಮೂರು, ಮೂವತ್ತು. ಪಂದ್ಯಕ್ಕೆ ಒಂದು ತಿಂಗಳಿದ್ದಾಗ ಭಾವ ಒಂದು ದಿನ ಮೆಟ್ಟಿಲ ಮೇಲೆ ಕೂರದೆ ಕಟ್ಟೆಯ ತುದಿಗೆ ಹತ್ತಿ ನೋಡಿದ. ಬೇಕರಿಯ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಏನೋ ಗೀಚಿಕೊಂಡು ಇಳಿದು ಬಂದ.

"ನಿನ್ನನ್ನ ಆ ತೇಲೋ ಕಿತ್ತಳೆ ಬಣ್ಣದ ಗುಂಡಿನ ಹತ್ರ ನೆಟ್ಟಗೆ ಹೋಗು ಅಂದ್ರೆ ನೀನು ಹೋಗ್ತಿರೋದು ಹೀಗೆ," ಎಂದು ಚೀಟಿ ತೋರಿಸಿದ.

ಮೊದಲ ಅರ್ಧ ಗೆರೆ ನೆಟ್ಟಗಿತ್ತು. ತೂಬಿನ ಬಾಗಿಲು ಹತ್ತಿರವಾದ ಕಡೆ ಗೆರೆ ಬಲಕ್ಕೆ ತಿರುಗಿ, ಹೋಗಿ, ಸ್ವಲ್ಪ ಸರಿದು, ವಾಪಸ್ ಬಂದು, ಮತ್ತೆ ಸರಿದು ಹೋಗಿತ್ತು.

"ಇದೇನೋ ಇದು? ಅಲ್ಲೇನು ನಿಂಗೆ ಮಾವನ ಮನೆ ಇದ್ಯಾ?"

ಆಮೆ ಚೀಟಿ ನೋಡುತ್ತ ಕೂತ. ತಾನು ಹೀಗೆ ಈಜುತ್ತಿರುವುದು ಅವನಿಗೇ ತಿಳಿದಿರಲಿಲ್ಲ. ದಣಿವು ತಲೆಗೇರಿದಾಗ ಕೈಕಾಲು ತಮಗೆ ಗೊತ್ತಿರುವ ಕೆಲಸಕ್ಕೆ ತಾವೇ ಹೊರಟುಬಿಡುತ್ತಿದ್ದವು.

ಪಕ್ಕದಲ್ಲಿದ್ದ ಯಜಮಾನರು ಬಗ್ಗಿ ಚೀಟಿ ನೋಡಿದರು. ಅವರ ಮುಖದಲ್ಲಿ ಹನ್ನೊಂದು ತಿಂಗಳಲ್ಲಿ ಮೊದಲ ಸಲ ಬೆಳಕಿನಂಥದ್ದು ಬಂತು.

"ನಾನೂ ನೋಡಿದೀನಿ. ಒಂದಿಂಚು ಜಾಗ ಬಿಡಲ್ಲ ಇವನು," ಎಂದರು. ಇಷ್ಟು ಹೊತ್ತಿಗೆ ಅವರು ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದರು. "ಆದ್ರೆ ಕಣ್ಣು ಕಿರಿದು ಮಾಡಿ ನೋಡ್ತೀಯಪ್ಪಾ ನೀನು. ಆ ದಡದಲ್ಲಿರೋ ಬೋರ್ಡ್ ಓದು ನೋಡೋಣ."

ಅವನು ಓದಿದ. ಮೂರನೆಯ ಸಾಲಿನಲ್ಲಿ ತಡವರಿಸಿದ.

"ಗುರುವಾರ ಅಂಗಡಿಗೆ ಬಾ," ಎಂದರು.

ಭಾವನಿಗೆ ಆಗ ಏನೋ ಹೊಳೆಯಿತು. ಮುದುಕರು ಹೋದ ಮೇಲೆ ಕೇಳಿದ: "ಇವ್ರು ಏನಂದ್ಕೊಂಡಿದಾರೆ? ಪಂದ್ಯದ ವಿಷ್ಯ ಹೇಳಿದೀಯ ತಾನೇ?"

ಆಮೆ ಕಾಲುಚೀಲ ಹಾಕಿಕೊಳ್ಳುತ್ತಿದ್ದ.

"ಹೇಳಿಲ್ವಾ? ಆಮೆ, ಐದು ತಿಂಗಳು ಅವ್ರ ಚಹಾ ಕುಡಿದಿದೀಯ."

"ನೀವೂ ಕುಡಿದಿದೀರ ಭಾವ."

"ನಾನು ದಾರಿಹೋಕ ಅಂತ ಕುಡಿದೆ. ನೀನು ಏನಂತ ಕುಡಿದೆ?"

ಆಮೆ ಇನ್ನೊಂದು ಕಾಲುಚೀಲ ಎಳೆದುಕೊಂಡ.

ಗುರುವಾರ ಮಧ್ಯಾಹ್ನ ಅವನು ಕನ್ನಡಕದ ಅಂಗಡಿಗೆ ಹೋದ. ಉದ್ದಕ್ಕೆ ಇಕ್ಕಟ್ಟಾದ ಅಂಗಡಿ; ಎರಡೂ ಗೋಡೆಗೆ ಕನ್ನಡಕದ ಚೌಕಟ್ಟುಗಳು, ಒಳಗಡೆ ಗಾಜು ಉಜ್ಜುವ ಯಂತ್ರ, ಅದರ ತೊಟ್ಟಿಯಲ್ಲಿ ಹಾಲಿನಂತೆ ಬೆಳ್ಳಗಾದ ನೀರು. ಯಜಮಾನರು ಡ್ರಾಯರಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದರು. ಈಜುವ ಕನ್ನಡಕ. ಅದರ ಮಾಮೂಲಿ ಗಾಜು ತೆಗೆದು, ಅವನ ಕಣ್ಣಿಗೆ ಅಂದಾಜಿನಲ್ಲಿ ಪವರ್ ಕಟ್ಟಿ, ಹೊಸದಾಗಿ ಉಜ್ಜಿ ಕೂರಿಸಿದ್ದರು.

"ಮೂರು ಸಲ ಒಡೀತು. ಇಷ್ಟು ಸಣ್ಣ ಗಾಜಿನ ಕೆಲಸ ನಾನು ಮಾಡಿ ಎಷ್ಟೋ ವರ್ಷ ಆಯ್ತು, ಅವಳೇ ಮಾಡ್ತಾ ಇದ್ಲು," ಎಂದರು. "ಹಾಕ್ಕೊಂಡು ನೋಡು. ತಳ ಚೆನ್ನಾಗಿ ಕಾಣ್ಲಿ ಅಂತ."

ಆ ತಳದಲ್ಲಿ ಏನೂ ಕಾಣುವುದಿಲ್ಲ ಎಂದು ಇವರಿಗೆ ಯಾರೂ ಹೇಳಿಲ್ಲ. ಆಮೆ ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡ. ಅದು ಬೆಚ್ಚಗಿತ್ತು, ಈಗಷ್ಟೇ ಒರೆಸಿಟ್ಟ ಹಾಗೆ. ತೆಗೆದುಕೊಂಡು ಹೊರಗೆ ಹೋಗುವುದು ಸುಲಭವಿತ್ತು. ಪಂದ್ಯಕ್ಕೆ ಉಳಿದದ್ದು ಇಪ್ಪತ್ತೈದು ದಿನ.

"ಯಜಮಾನ್ರೇ, ನಾನು ಹುಡುಕ್ತಾ ಇಲ್ಲ."

"ಏನು?"

"ನಾನು ಹುಡುಕ್ತಾ ಇಲ್ಲ. ಒಂದು ಪಂದ್ಯ ಇದೆ. ಈಜೋದು, ಸೈಕಲ್ಲು, ಓಡೋದು. ಅದಕ್ಕೆ ತಯಾರಾಗ್ತಾ ಇದೀನಿ. ಮೊದಲ್ನೇ ದಿನಾನೇ ಹೇಳ್ಬೇಕಿತ್ತು. ನೀವು ಬಂದು ಕೂತ್ರೆ ನಂಗೆ ಏಳೋಕಾಗ್ತಿತ್ತು. ಅದಕ್ಕೆ ಹೇಳ್ಲಿಲ್ಲ."

ಯಜಮಾನರು ಒಳಗಡೆಗೆ ತಿರುಗಿದರು. ಯಂತ್ರದ ಸ್ವಿಚ್ಚು ಆರಿಸಿದರು. ಅದು ಮೊದಲೇ ಆರಿತ್ತು.

"ಹಾಗಾದ್ರೆ ಹುಡುಕ್ತಾ ಇರೋದು ಯಾರು?" ಎಂದರು.

"ಯಾರೂ ಇಲ್ಲ."

"ಯಾರೂ ಇಲ್ಲ," ಎಂದು ಅವರೂ ಹೇಳಿಕೊಂಡರು, ವಿಳಾಸ ಕೇಳಿ ತಿಳಿದುಕೊಂಡವರ ಹಾಗೆ.

"ಇನ್ನೊಂದಿದೆ." ಆಮೆಯ ದನಿ ಸಣ್ಣಗಾಯಿತು. "ಆವತ್ತು ಪೂರ್ತಿ ನೋಡಾಯ್ತು ಅಂತ ಬರೆದುಕೊಟ್ಟೋನು ನಾನು. ಪೂರ್ತಿ ಆಗಿರ್ಲಿಲ್ಲ. ತೂಬಿನ ಹತ್ರ ಎರಡು ಪಟ್ಟಿ ಬಿಟ್ಟಿದ್ದೆ. ಭಯ ಆಯ್ತು, ಮೇಲೆ ಬಂದೆ."

"ಎರಡು ಪಟ್ಟಿ ಅಂದ್ರೆ ಎಷ್ಟು ಅಗಲ?"

"ನಾಲ್ಕು ಮೀಟರ್."

ಯಜಮಾನರು ತಮ್ಮ ಅಂಗಡಿಯ ಅಗಲವನ್ನು ಈ ಗೋಡೆಯಿಂದ ಆ ಗೋಡೆಗೆ ನೋಡಿದರು. ಅಂಗಡಿ ಅದಕ್ಕಿಂತ ಕಿರಿದಾಗಿತ್ತು. ಆಮೇಲೆ ಕೈ ಚಾಚಿದರು. ಅವನು ಈಜುವ ಕನ್ನಡಕವನ್ನು ಆ ಕೈಯಲ್ಲಿಟ್ಟ. ಅವರು ಅದನ್ನು ಡ್ರಾಯರಿನಲ್ಲಿ ಹಾಕಿ ಮುಚ್ಚಿ, ಒಳಗೆ ಹೋಗಿ ಕೂತರು. 

ಅದೇ ಸಂಜೆ ಅವನು ಠಾಣಾಧಿಕಾರಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಅವರು ಕನ್ನಡಕ ತೆಗೆದು ಮೂಗಿನ ಬುಡ ಹಿಸುಕಿಕೊಂಡರು.

"ನೋಡು, ಮುಗಿದು ಹೋದ ಫೈಲು. ಸುಮ್ನಿದ್ರೆ ಸುಮ್ನಿರುತ್ತೆ. ಬರವಣಿಗೇಲಿ ಕೊಟ್ರೆ ನಾನು ಮತ್ತೆ ಹುಡುಕಿಸ್ಬೇಕು, ನಿನ್ನನ್ನ ನೀರಿನಿಂದ ತೆಗೀಬೇಕು. ಹದಿನಾಲ್ಕು ವರ್ಷದ ಕೆಲಸ."

"ಬರೆದೇ ತಂದಿದೀನಿ ಸಾರ್."

ಅವರು ಓದಿದರು. ಓದಿ, "ಅಕ್ಷರ ಚೆನ್ನಾಗಿದೆ," ಎಂದರು.

ನೀರು ಸರಬರಾಜಿನವರು ಗೇಟು ಮುಚ್ಚಲು ಒಪ್ಪುವುದಕ್ಕೆ ಹದಿನೈದು ದಿನ ಹಿಡಿಯಿತು. ಅಷ್ಟು ದಿನ ಆಮೆ ಠಾಣೆಯಲ್ಲಿ ಪೈಪು ತೊಳೆದು ಒಣಗಿಸುವ ಕೆಲಸ ಮಾಡಿದ. ಈಜಲಿಲ್ಲ, ಸೈಕಲ್ ತುಳಿಯಲಿಲ್ಲ, ಓಡಲಿಲ್ಲ. ಭಾವ ಒಂದು ಮಾತೂ ಕೆಣಕಲಿಲ್ಲ. ಅವನ ಪಾಲಿನ ಬ್ರೆಡ್ಡಿಗೆ ಬೆಣ್ಣೆ ಜಾಸ್ತಿ ಹಚ್ಚಿ ಮೇಲೆ ಕಳಿಸುತ್ತಿದ್ದ.

ಹುಡುಕಾಟದ ದಿನ ಬೇರೆ ಠಾಣೆಯಿಂದ ಇಬ್ಬರು ಮುಳುಗುಗಾರರು ಬಂದರು. ಆಮೆಗೆ ಇಳಿಯುವ ಅಧಿಕಾರವಿರಲಿಲ್ಲ, ಜಾಗ ತೋರಿಸಲು ಮಾತ್ರ ಕರೆದಿದ್ದರು. ತೋರಿಸಿ ಬಂದು ದಡದಲ್ಲಿ ಕೂತ. ಮೂರು ಮಾರು ಆಚೆ ಯಜಮಾನರು ಕೂತಿದ್ದರು. ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡಿದ್ದರು. ನೀರಿನ ಮೇಲೆ ಗುಳ್ಳೆಗಳು ಒಂದು ಸಾಲಿನಲ್ಲಿ ನಿಧಾನವಾಗಿ ಹೋದವು, ನಿಂತವು, ತಿರುಗಿ ಬಂದವು. ಆಮೆ ಬಹಳ ದಿನಗಳ ಮೇಲೆ ಕಣ್ಣು ಮುಚ್ಚಿ ದೇವರನ್ನು ಕರೆದ. ಏನು ಕೇಳಬೇಕೆಂದು ತಿಳಿಯಲಿಲ್ಲ. ಸಿಗಲಿ ಎಂದರೆ ಹನ್ನೆರಡು ತಿಂಗಳು ಅವಳನ್ನು ಅಲ್ಲಿ ಮಲಗಿಸಿದವನು ತಾನೇ ಆಗುತ್ತಾನೆ. ಸಿಗದಿರಲಿ ಎಂದರೆ ಆ ತಂದೆಗೆ ಏನೂ ಇಲ್ಲ. ಕೇಳದೆಯೇ ಸುಮ್ಮನೆ ಕೂತ.

ಎರಡು ಗಂಟೆಯ ನಂತರ ಮುಳುಗುಗಾರರು ಮೇಲೆ ಬಂದರು. ಹಿರಿಯವನು ಮುಖದ ಗವಸು ತೆಗೆದು ತಲೆ ಅಲ್ಲಾಡಿಸಿದ.

"ಏನೂ ಇಲ್ಲ. ಎರಡೆರಡು ಸಲ ತಡಕಿದ್ವಿ. ಕಲ್ಲು, ಒಂದು ಕಬ್ಬಿಣದ ಸರಳು. ಅಷ್ಟೇ."

ಠಾಣಾಧಿಕಾರಿ ಕಾಗದದಲ್ಲಿ ಬರೆದುಕೊಂಡರು. ಎಲ್ಲರೂ ಸಾಮಾನು ಕಟ್ಟತೊಡಗಿದರು. ಯಜಮಾನರು ಎದ್ದು ಆಮೆಯ ಹತ್ತಿರ ಬಂದರು.

"ಈಗ ಪೂರ್ತಿ ಆಯ್ತಲ್ಲ?"

"ಆಯ್ತು."

"ಆವತ್ತು ಅಲ್ಲೇ ಇದ್ದಿರಬಹುದು. ಆಮೇಲೆ ಗೇಟು ತೆಗೆದಾಗ ಹೋಗಿರಬಹುದು."

ಇಲ್ಲ ಎಂದುಬಿಡುವ ಆಸೆಯಾಯಿತು ಅವನಿಗೆ. "ಇರಬಹುದು ಯಜಮಾನ್ರೇ. ಇಲ್ಲದೇನೂ ಇರಬಹುದು. ಇನ್ನು ಅದು ಯಾವತ್ತೂ ಗೊತ್ತಾಗಲ್ಲ."

ಅವರು ತಲೆಯಾಡಿಸಿದರು. ಕಣ್ಣಲ್ಲಿ ನೀರಿರಲಿಲ್ಲ.

"ಮನೇಲಿ ಒಂದು ಕಾಗದ ಇದೆ. ಅವಳು ಇನ್ನಿಲ್ಲ ಅಂತ ಬರೆದುಕೊಡೋ ಕಾಗದ. ದೊಡ್ಡ ಮಗಳು ವರ್ಷದಿಂದ ಹಿಂದೆ ಬಿದ್ದಿದಾಳೆ, ನಾನು ರುಜು ಹಾಕಿರ್ಲಿಲ್ಲ. ಯಾರೋ ಹುಡುಕ್ತಾ ಇದಾರಲ್ಲ, ಹೆಂಗೆ ಹಾಕ್ಲಿ ಅಂತ." ಕೋಟಿನ ಕುತ್ತಿಗೆಯ ಗುಂಡಿ ಬಿಚ್ಚಿಕೊಂಡು ಹೇಳಿದರು: "ಇವತ್ತು ಹಾಕ್ತೀನಿ. ನಿಂಗೆ ಒಳ್ಳೇದಾಗ್ಲಿ ಅಂತ ಹೇಳೋಕೆ ನನ್ನ ಕೈಲಿ ಆಗಲ್ಲ. ಮುಂದೆ ಯಾವತ್ತಾದ್ರೂ ಆಗ್ಬಹುದು. ಗೊತ್ತಿಲ್ಲ."

"ಹೇಳ್ಬೇಡಿ ಯಜಮಾನ್ರೇ."

"ನಾಳೆ ಈಜೋಕೆ ಬರ್ತೀಯಾ?"

"ಗೊತ್ತಿಲ್ಲ."

"ಬಂದ್ರೆ ಬಾ. ನಾನು ಬರಲ್ಲ," ಎಂದು ಅವರು ಮೆಟ್ಟಿಲು ಹತ್ತಿ ರಸ್ತೆಗೆ ಹೋದರು. ಆಮೆ ಅವರು ತಿರುವು ದಾಟುವವರೆಗೆ ನಿಂತಿದ್ದ.

ಮರುದಿನ ಬೆಳಿಗ್ಗೆ ಅಲಾರಂ ಹೊಡೆಯಿತು. ಅವನು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ. ಪಂದ್ಯಕ್ಕೆ ಒಂಬತ್ತು ದಿನ ಉಳಿದಿತ್ತು. ಯಾರಿಗಾಗಿ ಎಂದು ಮನಸ್ಸು ಕೇಳಿತು; ಯಾರಿಗೂ ಅಲ್ಲ. ಏನು ಸಿಗುತ್ತದೆ, ಏನೂ ಇಲ್ಲ. ವಕೀಲ ಪ್ರಶ್ನೆ ಕೇಳುತ್ತ ಹೋದ, ಇವನು ಒಪ್ಪಿಕೊಳ್ಳುತ್ತ ಹೋದ. ಕಡೆಗೆ ಕೇಳುವುದಕ್ಕೇನೂ ಉಳಿಯಲಿಲ್ಲ. ಕೋಣೆ ತಣ್ಣಗಿತ್ತು. ಎದ್ದು ಮುಖ ತೊಳೆದ.

ದಡದಲ್ಲಿ ಭಾವನೊಬ್ಬನೇ ಇದ್ದ. ಆಮೆ ನೀರಿಗಿಳಿದು, ತಲೆ ತಗ್ಗಿಸಿ, ಕೈ ಬೀಸಿದ. ನೂರರ ನಂತರವೂ ದೇವರ ಹೆಸರು ಇತ್ತು, ಇನ್ನೂರರ ನಂತರ ಅದೂ ಹೋಯಿತು. ಅದರ ಜಾಗಕ್ಕೆ ಯಾವ ಮಾತೂ ಬರಲಿಲ್ಲ. ನೀರಿನ ಸದ್ದಿತ್ತು.

ಮುಗಿಸಿ ಬಂದಾಗ ಭಾವ ಗಡಿಯಾರ ನೋಡಿದ. "ಇವತ್ತು ನೆಟ್ಟಗೆ ಹೋದೆ. ಎರಡು ಗಂಟೆ ಇಪ್ಪತ್ನಾಲ್ಕು, ನಾಲ್ಕು ನಿಮಿಷ ಜಾಸ್ತಿ. ಸಾಲ್ದು."

"ಸಾಲ್ದು," ಎಂದ ಆಮೆ. ಮೈ ಒರೆಸಿಕೊಂಡು, ಬೂಟು ಬಿಗಿದು, ಸೈಕಲ್ ಹತ್ತಿದ.